ಒಡೆದ ವೈಸಿನ ಸಾಕ್ಷ್ಯ: ಏಕಸಂಬಿಯಲ್ಲಿ ಪರದೇಶದ ಮತ್ತು ದೇಶದ ಬೆಂಚ್ ವೈಸುಗಳ ಗುಣನಿರ್ಣಯ ಕುರಿತು ಒಂದು ಟಿಪ್ಪಣಿ

ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ಏಕಸಂಬಿಯಲ್ಲಿ ವೆಲ್ಡಿಂಗ್ ಅಂಗಡಿಗೋ ಪಂಪ್ ರಿಪೇರಿ ಅಂಗಡಿಗೋ ಹೋಗಿ ಬೆಂಚಿನ ಮೇಲಿರುವ ವೈಸ್ ಎಂಥದು ಎಂದು ಕೇಳಿದರೆ ಮೊದಲು ಬರುವ ಉತ್ತರ ಅದರ ದೇಶ. "ಇದು ಇಂಗ್ಲೆಂಡಿಂದ್ರಿ, ನಮ್ಮ ಅಜ್ಜಾರ ಕಾಲದ್ದು." "ಇದು ಲೋಕಲ್ ಐತ್ರಿ." "ಚೀನಾ ಮಾಲ್ರಿ, ಸೋವಿ ಸಿಕ್ತು." ಬೀಡು ಎಂಥದು, ಸ್ಪಿಂಡಲ್ ಎಷ್ಟು ಸವೆದಿದೆ, ನಟ್ ಯಾವ ಲೋಹದ್ದು ಎಂಬುದು ಎರಡನೆಯ ಮಾತು, ಅದೂ ನಾವು ಕೆದಕಿದರೆ ಮಾತ್ರ. ದೇಶದ ಹೆಸರನ್ನೇ ಗುಣದ ಹೆಸರಾಗಿ ಬಳಸುವ ಈ ರೂಢಿಗೆ ಎಷ್ಟು ಆಧಾರವಿದೆ ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಮಟ್ಟಿಗೆ ಆ ಆಧಾರ ಬಹಳ ತೆಳು. ಅದು ತೆಳುವಾಗಿರುವುದಕ್ಕೆ ಬೀಡು ಕಬ್ಬಿಣದ ಸ್ವಭಾವವೇ ಒಂದು ಕಾರಣ.

ವೈಸ್ ಇಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ಬಿಟ್ಟು ಅದರ ಗುಣ ಹೇಳಲಾಗದು. ಏಕಸಂಬಿ ಕಬ್ಬಿನ ಸೀಮೆ. ದೂಧಗಂಗೆ ನದಿ ದಾಟಿದರೆ ದತ್ತವಾಡ, ದಾನವಾಡ, ಅಂದರೆ ಮಹಾರಾಷ್ಟ್ರದ ಶಿರೋಳ ತಾಲೂಕು. ಹಂಗಾಮು ಶುರುವಾದರೆ ಟ್ರ್ಯಾಕ್ಟರ್ ಟ್ರಾಲಿಯ ಬಾಗಿದ ಪಿನ್ನು, ಕೊಂಡಿ, ಪಟ್ಟಿಗಳು ವೈಸಿಗೆ ಬರುತ್ತವೆ. ಹಂಗಾಮು ಮುಗಿದ ಮೇಲೆ ನದಿ ಪಂಪಿನ ಶಾಫ್ಟು, ಬುಶ್ಶು, ಫುಟ್‌ವಾಲ್ವು. ಇವೆರಡೂ ಒಂದೇ ಬಗೆಯ ಕೆಲಸವಲ್ಲ. ಶಾಫ್ಟಿನ ತುದಿಗೆ ಕಾನಸು ಹಾಕುವವನಿಗೆ ದವಡೆಗಳು ಸಮಾನಾಂತರವಾಗಿರಬೇಕು, ವಸ್ತು ಕೂದಲೆಳೆಯಷ್ಟೂ ಅಲುಗಬಾರದು. ಟ್ರಾಲಿಯ ಪಿನ್ನು ನೆಟ್ಟಗೆ ಮಾಡುವವನು ವೈಸಿನಲ್ಲಿ ಹಿಡಿದು ನಾಲ್ಕು ಕೆ.ಜಿ. ಘನದಿಂದ ಬಡಿಯುತ್ತಾನೆ. ಮೊದಲನೆಯವನ ಕೆಲಸಕ್ಕೆ ಹೇಳಿ ಮಾಡಿಸಿದ ವೈಸ್ ಎರಡನೆಯವನ ಕೈಗೆ ಸಿಕ್ಕಿದರೆ ಒಡೆಯುತ್ತದೆ, ಅದು ಇಂಗ್ಲೆಂಡಿನ ಶೆಫೀಲ್ಡಿನದಾದರೂ ಸರಿ, ಪಂಜಾಬಿನ ಜಲಂಧರದ್ದಾದರೂ ಸರಿ.

ಬಡಿಯುವ ಕೆಲಸಕ್ಕೆ ಬೇರೆ ವೈಸ್ ಇತ್ತು ಎಂಬುದನ್ನು ಈಗ ಮರೆತಿದ್ದೇವೆ. ಕಂಬಾರಸಾಲೆಯ ಕಾಲಿನ ವೈಸಿಗೆ ನೆಲದವರೆಗೆ ಇಳಿಯುವ ಒಂದು ಉದ್ದ ಕಾಲು ಇರುತ್ತದೆ. ಅದರ ಮೈ ಎರಕದ್ದಲ್ಲ, ಬಡಿದು ರೂಪಿಸಿದ ಕಬ್ಬಿಣದ್ದು. ಮೇಲಿನಿಂದ ಬಿದ್ದ ಪೆಟ್ಟು ಕಾಲಿನ ಮೂಲಕ ನೆಲಕ್ಕೆ ಹೋಗುತ್ತದೆ. ಬೆಂಚ್ ವೈಸಿನಲ್ಲಿ ಅದೇ ಪೆಟ್ಟಿಗೆ ಹಾದಿ ಇಲ್ಲ; ಅದು ಬಾಡಿಯಲ್ಲೇ, ನಾಲ್ಕು ಬೋಲ್ಟುಗಳಲ್ಲೇ ನಿಲ್ಲಬೇಕು. ಭಾರತೀಯ ಮಾನಕಗಳೂ ಇವೆರಡನ್ನು ಒಟ್ಟಿಗೆ ಇಡುವುದಿಲ್ಲ. ಬೆಂಚ್ ವೈಸಿಗೆ ಐಎಸ್ 2586, ಕಂಬಾರರ ವೈಸಿಗೆ ಐಎಸ್ 2588. ಕಂಬಾರಸಾಲೆಗಳು ವೆಲ್ಡಿಂಗ್ ಅಂಗಡಿಗಳಾದಾಗ ಕಾಲಿನ ವೈಸ್ ಗುಜರಿಗೆ ಹೋಯಿತು, ಅದರ ಕೆಲಸ ಮಾತ್ರ ಬೆಂಚ್ ವೈಸಿನ ತಲೆಗೆ ಬಂತು. "ಈಗಿನ ವೈಸ್ ಬಾಳಿಕೆ ಬರೂದಿಲ್ರಿ" ಎಂಬ ದೂರಿನಲ್ಲಿ ಈ ಬದಲಾವಣೆಯ ಪಾಲು ದೊಡ್ಡದು ಎಂದು ನನಗನಿಸುತ್ತದೆ.

ಇನ್ನು ಇಂಗ್ಲಿಷ್ ವೈಸಿನ ಕೀರ್ತಿ. ಅದು ಸುಳ್ಳಲ್ಲ. ಯಾರ್ಕ್‌ಶೈರಿನ ಶಿಪ್ಲಿಯಲ್ಲಿ ಪಾರ್ಕಿನ್ಸನ್ ಕಂಪನಿ, ಶೆಫೀಲ್ಡಿನಲ್ಲಿ 'ರೆಕಾರ್ಡ್' ಹೆಸರಿನಲ್ಲಿ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿ ಮಾಡಿದ ವೈಸುಗಳು ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಹೋದವು. ಹುಬ್ಬಳ್ಳಿಯಲ್ಲಿ 1885ರಲ್ಲಿ ಶುರುವಾದ ರೈಲ್ವೆ ಕಾರ್ಖಾನೆಯಂಥ ಕಡೆಗಳಲ್ಲಿ ಫಿಟ್ಟರುಗಳ ಕೈ ಪಳಗಿದ್ದು ಬ್ರಿಟನ್ನಿನಿಂದ ಬಂದ ಉಪಕರಣಗಳ ಮೇಲೆ. ಅಲ್ಲಿ ಕಲಿತವರು ಊರಿಗೆ ಬಂದು ಅಂಗಡಿ ಹಾಕಿದಾಗ ಅವರ ಅಳತೆಗೋಲೂ ಜೊತೆಗೆ ಬಂತು.

ಆದರೆ ಇಲ್ಲಿ ಒಂದು ಪ್ರಮಾಣದೋಷವಿದೆ. ಇವತ್ತು ನಮ್ಮ ಕಣ್ಣಿಗೆ ಬೀಳುವ ಹಳೆಯ ಇಂಗ್ಲಿಷ್ ವೈಸುಗಳೆಲ್ಲ ಉಳಿದುಕೊಂಡವು. ಒಡೆದವು ನಮ್ಮ ಮುಂದಿಲ್ಲ. ಎಲ್ಲಿ ಹೋದವು? ಬೀಡು ಕಬ್ಬಿಣ ಒಡೆದರೆ ಬೆಸುಗೆಗೆ ಸುಲಭವಾಗಿ ಒಗ್ಗುವುದಿಲ್ಲ, ಆದರೆ ಕರಗಿಸಲು ಅದರಷ್ಟು ಒಳ್ಳೆಯ ಮಾಲು ಇನ್ನೊಂದಿಲ್ಲ. ಗುಜರಿಯವನು ಅದನ್ನು ಒಯ್ದು ಫೌಂಡ್ರಿಗೆ ಕೊಡುತ್ತಾನೆ. ಏಕಸಂಬಿಯ ಒಂದು ಮಗ್ಗುಲಿಗೆ ಕೊಲ್ಹಾಪುರದ ಶಿವಾಜಿ ಉದ್ಯಮನಗರ, ಶಿರೋಲಿ, ಗೋಕುಳ ಶಿರಗಾಂವ. ಇನ್ನೊಂದು ಮಗ್ಗುಲಿಗೆ ಬೆಳಗಾವಿಯ ಉದ್ಯಮಬಾಗ, ಮಚ್ಛೆ. ಎರಡೂ ದೇಶದ ಹೆಸರಾಂತ ಎರಕದ ನೆಲೆಗಳು. ಮಣ್ಣಿನ ಮಡಕೆ ಒಡೆದರೆ ಬೋಕಿ ನೆಲದಲ್ಲಿ ಉಳಿಯುತ್ತದೆ, ಸಾವಿರ ವರ್ಷದ ಮೇಲೆ ಅಗೆದವನಿಗೆ ಸಿಗುತ್ತದೆ. ಬೀಡು ಒಡೆದರೆ ಭಟ್ಟಿಗೆ ಹೋಗಿ ಬೇರೊಂದು ವಸ್ತುವಾಗಿ ಮರಳುತ್ತದೆ, ಕುರುಹು ಉಳಿಸುವುದಿಲ್ಲ. ಹೀಗಾಗಿ ಹಳೆಯ ವೈಸುಗಳ ಬಗ್ಗೆ ನಮಗಿರುವ ಸಾಕ್ಷ್ಯ ಗೆದ್ದವರದು ಮಾತ್ರ. ಹೊಸ ವೈಸುಗಳ ವಿಷಯದಲ್ಲಿ ಒಡೆದದ್ದೂ ಒಡೆಯದ್ದೂ ಒಟ್ಟಿಗೆ ಕಾಣುತ್ತವೆ. ಈ ಎರಡನ್ನು ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ.

ಕಬ್ಬಿಣಕ್ಕೆ ದೇಶವನ್ನು ಅಂಟಿಸುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಒಂದು ಉದಾಹರಣೆ ಇದೆ. ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಆ ನೇಗಿಲಿಗೆ ಎದುರಾಳಿ ಇಂಗ್ಲೆಂಡಿನಿಂದ ಬರುತ್ತಿದ್ದ ರಾನ್ಸಮ್ಸ್ ಕಂಪನಿಯ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿದ್ದರೆಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ಆದ್ದರಿಂದ ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗದೆ ನಿಂತವು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರ ನೆರವಿನಿಂದ 1910ರಲ್ಲಿ ಕುಂಡಲ ರಸ್ತೆ ಸ್ಟೇಶನ್ನಿನ ಬಳಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದಿತು. ಮೊದಲ ಮಹಾಯುದ್ಧದಲ್ಲಿ ಹೊರಗಿನ ಬೀಡು ಸಿಗದೆ ಹೋದಾಗ ಕೊಲ್ಹಾಪುರದ ಶಾಹೂ ಮಹಾರಾಜರು ಪನ್ಹಾಳಗಡದ ಹಳೆಯ ತೋಪುಗಳನ್ನು ಕೊಟ್ಟರು. ಅವನ್ನು ಒಡೆದು ಕರಗಿಸಿ ನೇಗಿಲು ಮಾಡಿದರು. ಆ ನೇಗಿಲಿನ ಕಬ್ಬಿಣ ಯಾವ ದೇಶದ್ದು ಎಂದು ಕೇಳಿದರೆ ಏನು ಹೇಳುವುದು? ನೇಗಿಲು ನಿಂತದ್ದು ಎರಕ ಹೊಯ್ದವರ ಎಚ್ಚರದಿಂದ. ಅದು ಕೊನೆಗೆ ಹೊಲದಲ್ಲಿ ಗೆದ್ದಿತು, ಜಾಹೀರಾತಿನಲ್ಲಿ ಮಾತ್ರ ಅಲ್ಲ.

ಇವತ್ತಿನ ಸ್ಥಿತಿ ಇನ್ನೂ ಗೋಜಲು. 2001ರ ಏಪ್ರಿಲ್ 1ರಂದು ಆಮದಿನ ಮೇಲೆ ಉಳಿದಿದ್ದ ಪರಿಮಾಣದ ನಿರ್ಬಂಧಗಳು ತೆರವಾದ ಮೇಲೆ ಪೇಟೆಗೆ ಹೊರಗಿನ ಕೈಸಾಮಾನು ಧಾರಾಳವಾಗಿ ಬಂತು. ಅದಕ್ಕೂ ಮೊದಲಿಂದಲೇ ಪಂಜಾಬಿನ ಜಲಂಧರ, ಲುಧಿಯಾನಾಗಳ ಕೈಸಾಮಾನು ಹೊರದೇಶಗಳಿಗೆ ಹೋಗುತ್ತಿತ್ತು, ಈಗಲೂ ಹೋಗುತ್ತಿದೆ. ಕೊಲ್ಹಾಪುರ, ಬೆಳಗಾವಿಗಳ ಫೌಂಡ್ರಿಗಳು ಯುರೋಪಿನ ವಾಹನ ಕಂಪನಿಗಳಿಗೂ ಎರಕ ಕಳಿಸುತ್ತವೆ. ಎಂದರೆ ಒಂದೇ ಊರಿನ ಮರಳು, ಒಂದೇ ಬಗೆಯ ಭಟ್ಟಿ, ಒಂದೇ ಕೇರಿಯ ಕೆಲಸಗಾರರು ಒಂದು ಕಡೆ ತಪಾಸಣೆಯಾದ ಎರಕವನ್ನೂ ಇನ್ನೊಂದು ಕಡೆ ತೂಕಕ್ಕೆ ಮಾರುವ ಎರಕವನ್ನೂ ಹೊಯ್ಯುತ್ತಾರೆ. ನಡುವಿನ ಅಂತರ ಕೊಳ್ಳುವವನು ಏನು ಕೇಳಿದ, ಹೊಯ್ದವನು ಏನು ಪರೀಕ್ಷಿಸಿದ ಎಂಬುದರಲ್ಲಿದೆ. ಚೀನಾದ ವೈಸಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿಂದ ಅತಿ ಹಗುರದ ಮಾಲೂ ಬರುತ್ತದೆ, ಗಟ್ಟಿ ಮಾಲೂ ಬರುತ್ತದೆ. ನಮ್ಮ ಪೇಟೆಗೆ ತರುವವನು ಯಾವುದನ್ನು ಆರಿಸಿದನೋ ಅದನ್ನು ನಾವು 'ಚೀನಾ' ಎನ್ನುತ್ತೇವೆ.

ಹಾಗಾದರೆ ಬೆಂಚಿನ ಮೇಲಿರುವ ವಸ್ತುವನ್ನೇ ನೋಡಬೇಕು. ಮೊದಲು ಲೆಕ್ಕ, ಆಮೇಲೆ ಕೈ ಪರೀಕ್ಷೆ.

ಹ್ಯಾಂಡಲಿನ ತುದಿಯನ್ನು ಒಬ್ಬ ಮನುಷ್ಯ ಒಂದೇ ಕೈಯಲ್ಲಿ ಸುಮಾರು 25 ಕೆ.ಜಿ. ಭಾರದಷ್ಟು, ಎಂದರೆ 250 ನ್ಯೂಟನ್ ಬಲದಿಂದ ಎಳೆಯುತ್ತಾನೆ ಎನ್ನೋಣ. ಸ್ಪಿಂಡಲಿನ ನಡುವಿನಿಂದ ಅವನ ಕೈಯವರೆಗೆ 200 ಮಿ.ಮೀ. ಹ್ಯಾಂಡಲು ಒಂದು ಸುತ್ತು ತಿರುಗಿದರೆ ದವಡೆ 5 ಮಿ.ಮೀ. ಮುಂದೆ ಸಾಗುತ್ತದೆ. ಘರ್ಷಣೆ ಇಲ್ಲದಿದ್ದರೆ ದವಡೆಯ ಬಲ ಸುಮಾರು 62,800 ನ್ಯೂಟನ್ ಆಗಬೇಕು. ಆದರೆ ಇಂಥ ತಿರುಪಿನಲ್ಲಿ ಹಾಕಿದ ಶ್ರಮದ ಹೆಚ್ಚಿನ ಪಾಲನ್ನು ಘರ್ಷಣೆ ನುಂಗುತ್ತದೆ. ಐದರಲ್ಲಿ ಒಂದು ಪಾಲು ಉಳಿಯುತ್ತದೆ ಎಂದಿಟ್ಟುಕೊಂಡರೂ ಸುಮಾರು 12,500 ನ್ಯೂಟನ್, ಅಂದರೆ ಒಂದೂಕಾಲು ಟನ್. ಒಂದು ಕೈಯ ಎಳೆತಕ್ಕೆ ಇದು ಕಡಿಮೆಯೇನಲ್ಲ.

ಈ ಬಲ ಸ್ಪಿಂಡಲಿನ ನೇರದಲ್ಲಿ ಇರುವುದಿಲ್ಲ. ವಸ್ತು ಇರುವುದು ದವಡೆಯ ತುದಿಯಲ್ಲಿ, ಸ್ಪಿಂಡಲಿಗಿಂತ ಸುಮಾರು 100 ಮಿ.ಮೀ. ಮೇಲೆ. ಆದ್ದರಿಂದ ಬಲ ದವಡೆಯನ್ನು ಹಿಂದಕ್ಕೆ ಬಗ್ಗಿಸುತ್ತದೆ, ದವಡೆಯ ಬುಡದ ಒಳಮೈ ಹಿಗ್ಗುತ್ತದೆ. ಆ ಬುಡ 80 ಮಿ.ಮೀ. ಅಗಲ, 50 ಮಿ.ಮೀ. ದಪ್ಪ ಇದ್ದರೆ ಅಲ್ಲಿ ಬೀಳುವ ಎಳೆತದ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 37 ನ್ಯೂಟನ್. ಸಾಧಾರಣ ಬೀಡಿಗೆ ಐಎಸ್ 210 ಕೊಡುವ ದರ್ಜೆಗಳಲ್ಲಿ ಎಫ್‌ಜಿ 200 ಎಂದರೆ ಎಳೆತದಲ್ಲಿ ಚದರ ಮಿಲಿಮೀಟರಿಗೆ ಕನಿಷ್ಠ 200 ನ್ಯೂಟನ್ ತಾಳಬೇಕು ಎಂದರ್ಥ. ಐದು ಪಟ್ಟು ಭದ್ರತೆ ಇದೆ, ಭಯವಿಲ್ಲ.

ಈಗ ಹ್ಯಾಂಡಲಿಗೆ ಪೈಪು ಸಿಗಿಸಿ. ಏಕಸಂಬಿಯ ಅಂಗಡಿಗಳಲ್ಲಿ ವೈಸಿನ ಪಕ್ಕಕ್ಕೇ ಆ ಪೈಪು ಒರಗಿರುತ್ತದೆ. ಕೈ 600 ಮಿ.ಮೀ. ದೂರ ಹೋಯಿತು, ಬಲ ಮೂರು ಪಟ್ಟಾಯಿತು, ಬುಡದ ಒತ್ತಡ 112ಕ್ಕೆ ಏರಿತು. ಇನ್ನೂ ಒಡೆಯಲಿಲ್ಲ. ಆದರೆ ತೂಕ ಉಳಿಸಲು ಆ ಬುಡವನ್ನು 40 ಮಿ.ಮೀ.ಗೆ ಇಳಿಸಿದ್ದರೆ? ಬಾಗುವಿಕೆಯಲ್ಲಿ ದಪ್ಪದ ವರ್ಗ ಲೆಕ್ಕಕ್ಕೆ ಬರುವುದರಿಂದ ಒತ್ತಡ 112ರಿಂದ 176ಕ್ಕೆ ಜಿಗಿಯುತ್ತದೆ. ಐದರಲ್ಲಿ ಒಂದು ಪಾಲು ದಪ್ಪ ತೆಗೆದದ್ದಕ್ಕೆ ಅರ್ಧದಷ್ಟು ಹೆಚ್ಚು ಒತ್ತಡ. ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. 200 ಎಂಬ ಅಂಕಿ ಸಿಗುವುದು 30 ಮಿ.ಮೀ. ವ್ಯಾಸದ ಪರೀಕ್ಷಾ ಸರಳನ್ನು ಬೇರೆಯಾಗಿ ಎರಕ ಹೊಯ್ದು ಎಳೆದಾಗ. ದಪ್ಪ ಎರಕ ನಿಧಾನವಾಗಿ ಆರುತ್ತದೆ, ಅದರಲ್ಲಿ ಗ್ರಾಫೈಟಿನ ಪಕಳೆಗಳು ದೊಡ್ಡದಾಗುತ್ತವೆ, ಅದರ ನಿಜವಾದ ಬಲ ಸರಳಿಗಿಂತ ಕಡಿಮೆ ಇರುತ್ತದೆ. 176 ಆಗಲೇ ಅಂಚಿಗೆ ಬಂತು. ಆ ಸ್ಥಿತಿಯಲ್ಲಿ ಘನದ ಒಂದು ಪೆಟ್ಟು ಬಿದ್ದರೆ ಸಾಕು. ನಿಧಾನವಾಗಿ ಹೇರಿದ ಭಾರಕ್ಕಿಂತ ಒಮ್ಮೆಲೆ ಬಿದ್ದ ಭಾರ ಎರಡು ಪಟ್ಟು ಒತ್ತಡ ಕೊಡುತ್ತದೆಂಬುದು ಬಲಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು.

ಈ ಲೆಕ್ಕದಲ್ಲಿ ಎಲ್ಲಿಯೂ ದೇಶ ಬರಲಿಲ್ಲ. ಬಂದದ್ದು ದಪ್ಪ, ಬೀಡಿನ ದರ್ಜೆ, ಪೈಪು, ಘನ. ಇವುಗಳಲ್ಲಿ ಕೊನೆಯ ಎರಡು ನಮ್ಮ ಕೈಯಲ್ಲಿವೆ. ಒಂದು ಮಾತು ಇಲ್ಲೇ ಸೇರಿಸಬೇಕು. ಒಳ್ಳೆಯ ವೈಸಿನ ಹ್ಯಾಂಡಲು ಮೆದು ಉಕ್ಕಿನದಾಗಿದ್ದು ಬೇಗ ಬಾಗುತ್ತದೆ. ಬಾಗಿದ ಹ್ಯಾಂಡಲು ಕಂಡು "ಕಚ್ಚಾ ಮಾಲು" ಎಂದು ಹಳಿಯುವುದನ್ನು ನಾನು ಹಲವು ಸಲ ಕೇಳಿದ್ದೇನೆ. ಬಾಡಿ ಒಡೆಯುವ ಮೊದಲು ಹ್ಯಾಂಡಲು ಬಾಗಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಗಟ್ಟಿ ಸರಳು ತಂದು ಹ್ಯಾಂಡಲು ಬದಲಿಸಿದವನು ತನ್ನ ವೈಸಿನ ಕಾವಲುಗಾರನನ್ನು ತಾನೇ ಹೊರಗೆ ಕಳಿಸಿದಂತೆ.

ಬೀಡಿನ ದರ್ಜೆಯನ್ನು ಕಣ್ಣಿನಿಂದ ಹೇಳಲಾಗದು, ಆದರೆ ಜಾತಿಯನ್ನು ಹೇಳಬಹುದು. ಸಾಧಾರಣ ಬೂದು ಬೀಡಿನಲ್ಲಿ ಗ್ರಾಫೈಟು ಪಕಳೆಗಳಾಗಿ ಹರಡಿರುತ್ತದೆ; ಬಿರುಕಿಗೆ ಅವು ಸಿದ್ಧ ದಾರಿ. 1940ರ ದಶಕದಲ್ಲಿ ಅಮೆರಿಕದಲ್ಲಿ ಕೀತ್ ಮಿಲ್ಲಿಸ್ ಮತ್ತು ಸಂಗಡಿಗರು ಕರಗಿದ ಬೀಡಿಗೆ ಮೆಗ್ನೀಸಿಯಂ ಸೇರಿಸಿದಾಗ ಗ್ರಾಫೈಟು ಗುಂಡು ಗುಂಡಾಗಿ ಕೂರುವುದನ್ನು ಕಂಡರು. ಅದೇ ಎಸ್‌ಜಿ ಐರನ್. ಐಎಸ್ 1865ರ ಎಸ್‌ಜಿ 400/15 ದರ್ಜೆ ಚದರ ಮಿಲಿಮೀಟರಿಗೆ 400 ನ್ಯೂಟನ್ ತಾಳುತ್ತದೆ, ಮುರಿಯುವ ಮೊದಲು ಶೇ. 15ರಷ್ಟು ಹಿಗ್ಗುತ್ತದೆ. ಒಡೆಯುವ ಮೊದಲು ಬಾಗಿ ಎಚ್ಚರಿಸುತ್ತದೆ ಎಂದು ಅರ್ಥ. ಇನ್ನೂ ಮೇಲಿನ ಮೆಟ್ಟಿಲಲ್ಲಿ ಜರ್ಮನಿಯ ಹಾಯರ್ ವೈಸಿನಂಥವು. ಅವು ಎರಕವೇ ಅಲ್ಲ, ಕಾಯಿಸಿ ಬಡಿದು ರೂಪಿಸಿದ ಉಕ್ಕು. ಟ್ರಾಲಿ ಪಿನ್ನಿನ ಕೆಲಸಕ್ಕೆ ಬೂದು ಬೀಡಿನ ಪರದೇಶಿ ವೈಸಿಗಿಂತ ಎಸ್‌ಜಿ ಐರನ್ನಿನ ದೇಶಿ ವೈಸ್ ಮೇಲು ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ.

ಬೂದು ಬೀಡು, ಎಸ್‌ಜಿ ಐರನ್ ಇವೆರಡನ್ನು ಬೇರೆ ಮಾಡುವ ಹಳೆಯ ಉಪಾಯ ಕಿವಿ. ಚಲಿಸುವ ದವಡೆಯನ್ನು ಪೂರ್ತಿ ಹೊರಗೆ ಎಳೆದು, ಸ್ಪಿಂಡಲ್ ಕಳಚಿ, ಹಗ್ಗದಿಂದ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಮುಟ್ಟಿಸಬೇಕು. ಬೂದು ಬೀಡು ಮೊಂಡಾಗಿ 'ದಬ್' ಎನ್ನುತ್ತದೆ. ಎಸ್‌ಜಿ ಐರನ್ ಉಕ್ಕಿನ ಹಾಗೆ ಗಂಟೆ ಹೊಡೆದಂತೆ ಬಹಳ ಹೊತ್ತು ಮಿಡಿಯುತ್ತದೆ. ಬೆಂಚಿಗೆ ಬಿಗಿದ ವೈಸನ್ನೇ ಬಡಿದು ನಾದ ಕೇಳುವವರು ಬೆಂಚಿನ ನಾದವನ್ನು ಕೇಳುತ್ತಾರೆ, ವೈಸಿನದನ್ನಲ್ಲ. ಇನ್ನೂ ಖಚಿತ ಬೇಕಿದ್ದರೆ, ವೈಸ್ ನಮ್ಮದೇ ಆಗಿದ್ದರೆ, ಕಾಣದ ತಳಭಾಗದಲ್ಲಿ ಸಣ್ಣ ತೂತು ಕೊರೆದು ನೋಡಬಹುದು. ಬೂದು ಬೀಡಿನ ಪುಡಿ ಚೂರುಚೂರಾಗಿ ಬಂದು ಬೆರಳಿಗೆ ಮಸಿ ಹತ್ತಿಸುತ್ತದೆ. ಎಸ್‌ಜಿ ಐರನ್ನಿನ ಸಿಪ್ಪೆ ತುಸು ಸುರುಳಿಯಾಗಿ ಬರುತ್ತದೆ.

ಬಣ್ಣದ ಬಗ್ಗೆ ಎಚ್ಚರ ಬೇಕು. ಎರಕದ ಮೈಯಲ್ಲಿ ಗಾಳಿಗುಳ್ಳೆಗಳಿದ್ದರೂ ಪುಟ್ಟಿ ತುಂಬಿ ಉಜ್ಜಿ ನೀಲಿ ಬಣ್ಣ ಹೊಡೆದರೆ ಏನೂ ಕಾಣುವುದಿಲ್ಲ. ನೋಡಬೇಕಾದ್ದು ಪುಟ್ಟಿ ಮುಟ್ಟದ ಜಾಗ: ತಳದ ಕೆಳಮೈ, ಚಲಿಸುವ ದವಡೆ ಜಾರುವ ಚೌಕ ಗೂಡಿನ ಒಳಮೈ, ಸ್ಪಿಂಡಲ್ ತೂರುವ ತೂತಿನ ಅಂಚು. ಅಲ್ಲಿ ಎರಕದ ಕೈ ಹೇಗಿತ್ತೆಂದು ತಿಳಿಯುತ್ತದೆ. ಈ ವಿಷಯದಲ್ಲಿ ಸೋವಿ ದೇಶಿ ಮಾಲೂ ಸೋವಿ ಪರದೇಶಿ ಮಾಲೂ ಒಂದೇ ತಕ್ಕಡಿಯವು.

ನನ್ನದೇ ಒಂದು ವೈಸ್ ಒಡೆದಾಗ ಕಲಿತದ್ದನ್ನು ಇಲ್ಲಿ ಬರೆಯಬೇಕು. ಆರು ಇಂಚಿನದು, 'ಇಂಪೋರ್ಟೆಡ್' ಎಂದು ಹೇಳಿ ಮಾರಿದ್ದರು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಪೈಪು ಹಾಕಿರಲಿಲ್ಲ, ಘನ ಎತ್ತಿರಲಿಲ್ಲ, ಒಂದು ಬುಶ್ ಒತ್ತುವಾಗ ಸ್ಥಿರ ದವಡೆ ಬುಡದಲ್ಲಿ ಕಳಚಿ ಬಂತು. ಸಿಟ್ಟಿನಲ್ಲಿ ಗುಜರಿಗೆ ಹಾಕಿದ್ದರೆ ಈ ಟಿಪ್ಪಣಿಯೇ ಇರುತ್ತಿರಲಿಲ್ಲ. ಒಡೆದ ಮೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಮುಕ್ಕಾಲು ಪಾಲು ಹೊಸ ಒಡಕು, ತಿಳಿಬೂದು, ಹರಳು ಹರಳಾಗಿ ಹೊಳೆಯುತ್ತಿತ್ತು. ಒಳಮೂಲೆಯ ಕಾಲು ಪಾಲು ಮಾತ್ರ ಕಪ್ಪಾಗಿತ್ತು, ಅದರ ಅಂಚಿನಲ್ಲಿ ಬಣ್ಣ ಒಳಗೆ ಇಳಿದಿತ್ತು. ಬಣ್ಣ ಒಳಗೆ ಹೋಗಿದೆ ಎಂದರೆ ಬಣ್ಣ ಹೊಡೆಯುವ ಮುಂಚೆಯೇ ಬಿರುಕು ಬಾಯಿ ತೆರೆದಿತ್ತು. ಅಚ್ಚಿನಲ್ಲಿ ಆರುವಾಗ ದಪ್ಪ ದವಡೆ ನಿಧಾನವಾಗಿ, ತೆಳು ಗೂಡು ಬೇಗ ಕುಗ್ಗಿ, ಎರಡರ ಎಳೆದಾಟದಲ್ಲಿ ಮೂಲೆ ಹರಿದಿತ್ತು. ಆ ಒಳಮೂಲೆಗೆ ಸಾಕಷ್ಟು ಗುಂಡು ಕೊಟ್ಟಿದ್ದರೆ ಹಾಗಾಗುತ್ತಿರಲಿಲ್ಲ.

ಅಂದಿನಿಂದ ಒಡೆದ ವೈಸಿನ ಮೈಯನ್ನು ನಾನು ನಾಲ್ಕು ಬಗೆಯಾಗಿ ಓದುತ್ತೇನೆ. ಕಪ್ಪು ಅಥವಾ ತುಕ್ಕು ಹಿಡಿದ ಭಾಗವಿದ್ದರೆ ಬಿರುಕು ಹಳೆಯದು. ತಪ್ಪು ಎರಕದ್ದೋ ಹಿಂದೆಂದೋ ಬಿದ್ದ ಪೆಟ್ಟಿನದೋ ಇರುತ್ತದೆ, ಬಣ್ಣ ಒಳಗಿಳಿದಿದ್ದರೆ ಎರಕದ್ದೇ. ನುಣುಪು ಗೋಡೆಯ ದುಂಡು ಗುಳಿ ಕಂಡರೆ ಗಾಳಿಗುಳ್ಳೆ. ಹಸಿ ಮರಳೋ ಸರಿಯಾಗಿ ಗಾಳಿ ಹೋಗದ ಅಚ್ಚೋ ಕಾರಣ. ಒರಟಾದ, ಜರೀಗಿಡದ ಎಲೆಯಂಥ ಕವಲುಗಳಿರುವ ಗುಳಿ ಕಂಡರೆ ಲೋಹ ಕುಗ್ಗಿದಾಗ ತುಂಬಿಕೊಡಲು ಮೇಲೆ ದ್ರವ ಉಳಿದಿರಲಿಲ್ಲ. ಇವು ಯಾವುವೂ ಇಲ್ಲದೆ ಇಡೀ ಮೈ ಒಂದೇ ಸಮನೆ ತಿಳಿಬೂದು ಇದ್ದರೆ ವೈಸಿನ ಮೇಲೆ ತಪ್ಪು ಹೊರಿಸುವ ಮೊದಲು ಪೈಪನ್ನು ಹುಡುಕಬೇಕು.

ಉಳಿದ ಪರೀಕ್ಷೆಗಳು ಸಣ್ಣವು. ಪತ್ರಿಕೆಯ ಎರಡು ಪಟ್ಟಿಗಳನ್ನು ದವಡೆಯ ಎಡಬಲ ತುದಿಗಳಲ್ಲಿಟ್ಟು ಹಗುರವಾಗಿ ಬಿಗಿದು ಎಳೆಯಬೇಕು. ಒಂದು ಜಾರಿ ಒಂದು ಹಿಡಿದರೆ ದವಡೆ ಓರೆ. ಹಾಗೆಯೇ ಮೇಲೊಂದು ಕೆಳಗೊಂದು ಇಟ್ಟು ನೋಡಬೇಕು. ಹಗುರ ಬಿಗಿತದಲ್ಲಿ ಮೇಲಿನದು ಮೊದಲು ಹಿಡಿದರೆ ಒಳ್ಳೆಯ ಲಕ್ಷಣ, ಏಕೆಂದರೆ ಭಾರ ಬಿದ್ದಾಗ ದವಡೆ ಹಿಂದಕ್ಕೆ ಬಾಗಿ ಸಮಕ್ಕೆ ಬರುತ್ತದೆ. ದವಡೆಯ ಪಟ್ಟಿಯ (ಜಾ ಪ್ಲೇಟಿನ) ಮೂಲೆಗೆ ಹೊಸ ಕಾನಸು ಎಳೆದಾಗ ಬೆಣ್ಣೆಯಂತೆ ತಿಂದರೆ ಪ್ಲೇಟಿಗೆ ಗಡಸು ಮಾಡುವ ಪಾನವೇ ಕೊಟ್ಟಿಲ್ಲ. ಸ್ವಲ್ಪವೂ ಹತ್ತದೆ ಗಾಜಿನ ಮೇಲೆ ಜಾರಿದಂತಾದರೆ ಪಾನ ಮಿತಿಮೀರಿದೆ, ಅಂಚು ಚಕ್ಕೆ ಏಳುತ್ತದೆ. ಕಷ್ಟಪಟ್ಟು ಹತ್ತಬೇಕು.

ಈ ಎಲ್ಲಕ್ಕಿಂತ ಏಕಸಂಬಿಗೆ ಹತ್ತಿರವಾದ ಪರೀಕ್ಷೆ ಬೇರೊಂದಿದೆ, ಯಾವ ಮಾನಕದಲ್ಲೂ ನಾನು ಅದನ್ನು ಕಂಡಿಲ್ಲ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಈ ಭಾಗದ ಊರುಗಳಿಗೆ ನುಗ್ಗಿದವು. ತಗ್ಗಿನ ಅಂಗಡಿಯ ವೈಸ್ ದಿನಗಟ್ಟಲೆ ಕೆಂಪು ನೀರಿನಲ್ಲಿ ಮುಳುಗಿದರೆ ಬಾಡಿಗೆ ಏನೂ ಆಗುವುದಿಲ್ಲ, ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಕೆಡುವುದು ಒಳಗೆ. ನುಣ್ಣನೆಯ ರೇವೆ ಗೂಡಿನೊಳಗೆ ಸೇರಿ ಸ್ಪಿಂಡಲಿನ ಜಿಡ್ಡಿನೊಂದಿಗೆ ಕಲಸಿ ಅರೆಯುವ ಪುಡಿಯಾಗುತ್ತದೆ. ತೊಳೆಯದೆ ತಿರುಗಿಸಿದರೆ ಹತ್ತು ವರ್ಷದ ಸವೆತ ಒಂದು ಹಂಗಾಮಿನಲ್ಲಿ ಆಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಈ ವೈಸನ್ನು ಅಂಗಡಿಯಲ್ಲಿರುವ ಸ್ಪ್ಯಾನರಿನಿಂದಲೇ ಪೂರ್ತಿ ಬಿಚ್ಚಲು ಬರುತ್ತದೆಯೇ? ಸ್ಪಿಂಡಲ್ ತಿರುಗುವ ಬಾಕ್ಸ್ ನಟ್ ಬೋಲ್ಟಿನಿಂದ ಕೂತಿದೆಯೇ ಅಥವಾ ಬಾಡಿಯ ಜೊತೆಗೇ ಎರಕವಾಗಿದೆಯೇ? ಬೋಲ್ಟಿನ ನಟ್ ಆದರೆ ತೆಗೆದು ತೊಳೆಯಬಹುದು, ಸವೆದರೆ ಕೊಲ್ಹಾಪುರದಲ್ಲೋ ಇಚಲಕರಂಜಿಯಲ್ಲೋ ಲೇತಿನಲ್ಲಿ ಹೊಸದು ಮಾಡಿಸಬಹುದು. ಬಾಡಿಯಲ್ಲೇ ಎರಕವಾದ ನಟ್ ಸವೆದರೆ ಇಡೀ ವೈಸೇ ಹೋಯಿತು. ಇಲ್ಲಿ ದೇಶದ ಹೆಸರಿಗೆ ಸ್ವಲ್ಪ ಅರ್ಥ ಬರುತ್ತದೆ ಎಂದು ಒಪ್ಪುತ್ತೇನೆ. ದೇಶಿ ವೈಸಿನ ಜಾ ಪ್ಲೇಟು, ಸ್ಪಿಂಡಲು, ನಟ್ಟು ಬಿಡಿಯಾಗಿ ಸಿಗುವ ಸಾಧ್ಯತೆ ಹೆಚ್ಚು. ಹೊರಗಿನದರ ಬಿಡಿಭಾಗ ಬೇಕೆಂದರೆ ಅಂಗಡಿಯವನು ಹೊಸ ವೈಸನ್ನೇ ತೋರಿಸುತ್ತಾನೆ. ಹಳೆಯ ಇಂಗ್ಲಿಷ್ ವೈಸುಗಳು ಉಳಿದದ್ದಕ್ಕೂ ಅವನ್ನು ಬಿಚ್ಚಲು ಬರುತ್ತಿದ್ದುದು ದೊಡ್ಡ ಕಾರಣ. ಎಷ್ಟೋ ಕಡೆ ಅವುಗಳ ಬಾಡಿ ಮಾತ್ರ ಮೂಲದ್ದು, ಒಳಗಿನ ನಟ್ಟು ಇಲ್ಲಿಯದು.

ಒಡೆದ ಚೂರುಗಳು ಭಟ್ಟಿಗೆ ಹೋಗುತ್ತಿರುವವರೆಗೆ ಈ ವಿಷಯದಲ್ಲಿ ಯಾರ ಮಾತಿಗೂ, ನನ್ನ ಮಾತಿಗೂ, ಗಟ್ಟಿ ಬುನಾದಿ ಸಿಗುವುದಿಲ್ಲ. ಅದಕ್ಕೇ ಏಕಸಂಬಿಯ ಅಂಗಡಿಯವರಲ್ಲಿ ಒಂದು ಕೋರಿಕೆ ಇಟ್ಟಿದ್ದೇನೆ: ವೈಸ್ ಒಡೆದರೆ ಕೂಡಲೇ ಗುಜರಿಗೆ ಕೊಡಬೇಡಿ, ಒಡೆದ ಮೈಗೆ ಎಣ್ಣೆ ಒರೆಸಿ ಚೀಲದಲ್ಲಿ ಸುತ್ತಿ, ಬೆನ್ನಿನ ಮೇಲೆ ಸೀಮೆಸುಣ್ಣದಿಂದ ತಾರೀಖು, ಏನು ಹಿಡಿದಿದ್ದಿರಿ, ಪೈಪು ಇತ್ತೋ ಇಲ್ಲವೋ ಎಂದು ಬರೆದು ಒಂದು ತಿಂಗಳು ಇಟ್ಟುಕೊಳ್ಳಿ. ನಾನು ಬಂದು ನೋಡಿ, ಅಳೆದು, ಚಿತ್ರ ತೆಗೆದ ಮೇಲೆ ಅದರ ತೂಕದ ದುಡ್ಡು ನಿಮಗೇ. ಇಬ್ಬರು ಒಪ್ಪಿದ್ದಾರೆ. ಅವರಲ್ಲಿ ಒಬ್ಬರ ಅಂಗಡಿಯ ಮೂಲೆಯಲ್ಲಿ ಒಂದು ದವಡೆ ಈಗಾಗಲೇ ಚೀಲದಲ್ಲಿ ಕೂತಿದೆ. ಬೆನ್ನಿನ ಮೇಲೆ "ಟ್ರಾಲಿ ಪಿನ್, ಪೈಪ್ ಇತ್ತು" ಎಂದು ಬರೆದಿದೆ.